ಮಗ ಮಲಗಿದ ಮೇಲೆ ಅವನ ಫೋನ್ ತೆರೆದು ನೋಡಬಹುದಾ?

ಓದುಗರ ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಮೊದಲೆಲ್ಲ ಫೋನಿನಲ್ಲಿ ಏನು ನೋಡಿದರೂ ಓಡಿ ಬಂದು ತೋರಿಸುತ್ತಿದ್ದ. ಈಗ ನಾನು ಹತ್ತಿರ ಹೋದರೆ ಸಾಕು, ಫೋನ್ ಬೋರಲು ಹಾಕುತ್ತಾನೆ. ಅವನು ಮಲಗಿದ ಮೇಲೆ ತೆಗೆದು ನೋಡಿಬಿಡೋಣ ಅನ್ನಿಸುತ್ತದೆ. ಮಕ್ಕಳಿಗೆ ಗೊತ್ತಾಗದ ಹಾಗೆ ಎಲ್ಲವನ್ನೂ ತೋರಿಸುವ ಆ್ಯಪ್‌ಗಳೂ ಇವೆಯಂತೆ. ಹೀಗೆ ನೋಡುವುದು ತಪ್ಪಾ? ನೋಡದೆ ಇರುವುದಕ್ಕೂ ಭಯ.

ಉತ್ತರ: 12 ವರ್ಷದ ಮಗುವಿನ ಫೋನನ್ನು ಅಪ್ಪ ಅಮ್ಮ ನೋಡಬಹುದು. ನೋಡಲೂ ಬೇಕು. ಆದರೆ ಅವನಿಗೆ ಗೊತ್ತಿರುವ ಹಾಗೆ ನೋಡಿ. ಮಲಗಿದ ಮೇಲೆ ಕದ್ದು ನೋಡಬೇಡಿ.

ನಾನೂ ಒಮ್ಮೆ ಹಾಗೆ ನೋಡಿದ್ದೇನೆ. ಮಗಳಿಗೆ ಆಗ 13. ಗೆಳತಿಯರ ಗುಂಪೊಂದರಲ್ಲಿ ಅವಳನ್ನು ತುಂಬಾ ಕೆಟ್ಟದಾಗಿ ಆಡಿಕೊಂಡಿದ್ದರು. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಬೆಳಿಗ್ಗೆ ಅವಳ ಹತ್ತಿರ ಏನೂ ಹೇಳಲಾಗಲಿಲ್ಲ. 'ನಿಂಗೆ ಹೇಗೆ ಗೊತ್ತಾಯ್ತು' ಅಂದರೆ ಏನು ಹೇಳಲಿ? ಮೂರು ದಿನ ಸುಮ್ನೆ ಅವಳ ಮುಖ ನೋಡುತ್ತಾ ಓಡಾಡಿದೆ. ಕದ್ದು ತಿಳಿದುಕೊಂಡ ವಿಷಯದ ಕಷ್ಟ ಇದು. ಗೊತ್ತಿರುತ್ತದೆ, ಬಾಯಿ ಬಿಡೋಕಾಗಲ್ಲ. ಕೊನೆಗೆ ನಿಜ ಹೇಳಿದೆ. ಆ ಹುಡುಗಿಯರ ಮಾತಿಗಿಂತ ನಾನು ಫೋನ್ ತೆಗೆದಿದ್ದಕ್ಕೇ ಅವಳು ಜಾಸ್ತಿ ಅತ್ತಳು.

ಇದರಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ. ಮಕ್ಕಳನ್ನು ಬಲೆಗೆ ಹಾಕಿಕೊಳ್ಳುವವರ ಆಟ ನಡೆಯುವುದೇ ಗುಟ್ಟಿನ ಮೇಲೆ. ಅದು ಹೇಗೆ ಶುರುವಾಗುತ್ತದೆ ನೋಡಿ. ಎಲ್ಲರೂ ಆಡುವ ಗೇಮ್ ಒಂದರ ಚಾಟ್‌ನಲ್ಲಿ ಯಾರೋ ಪರಿಚಯವಾಗುತ್ತಾರೆ. ಚೆನ್ನಾಗಿ ಆಡ್ತೀಯ ಅನ್ನುತ್ತಾರೆ. ಗೇಮ್‌ನಲ್ಲಿ ಬಳಸುವ ನಾಣ್ಯವನ್ನೋ ಹೊಸ ವೇಷವನ್ನೋ ಉಡುಗೊರೆ ಕೊಡುತ್ತಾರೆ. ಮನೆಯಲ್ಲಿ ಬೈಸಿಕೊಂಡ ದಿನ ಸಮಾಧಾನ ಹೇಳುತ್ತಾರೆ. ಆಮೇಲೆ 'ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ' ಅನ್ನುತ್ತಾರೆ. ಅದರ ಹಿಂದೆಯೇ 'ಇದು ನಮ್ಮಿಬ್ಬರಲ್ಲೇ ಇರಲಿ, ನಿಮ್ಮ ಮನೆಯವರಿಗೆ ಅರ್ಥ ಆಗಲ್ಲ' ಅನ್ನುವ ಮಾತು ಬರುತ್ತದೆ. ಫೋಟೊ ಕೇಳುವುದು ಇದೆಲ್ಲ ಆದ ಮೇಲೆ. ಅಪ್ಪ ಅಮ್ಮ ಕದ್ದು ನೋಡುತ್ತಾರೆ ಅಂತ ಮಗುವಿಗೆ ಗೊತ್ತಾದರೆ ಆ ಮನುಷ್ಯ ಹೇಳಿದ್ದೇ ನಿಜ ಅನ್ನಿಸಿಬಿಡುತ್ತದೆ ಅಲ್ವಾ? ಮಗು ಇನ್ನಷ್ಟು ಅವನ ಕಡೆಗೇ ವಾಲುತ್ತದೆ.

ಮಕ್ಕಳು ಹೇಳದೆ ಮುಚ್ಚಿಡುವುದಕ್ಕೆ ಬಹಳ ಸಲ ಕಾರಣ ಒಂದೇ. ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಅವರ ಗೆಳೆಯರು, ಆಟ, ಹರಟೆ ಎಲ್ಲ ಅದರಲ್ಲೇ ಇರುತ್ತದೆ. ಯಾರೋ ಮಾಡಿದ ತಪ್ಪಿಗೆ ತನಗೆ ಶಿಕ್ಷೆ ಆಗುತ್ತದೆ ಅಂದರೆ ಯಾವ ಮಗು ತಾನೇ ಬಾಯಿ ಬಿಡುತ್ತದೆ? ಹಾಗಾಗಿ ನಿಮ್ಮ ಮಗನಿಗೆ ಮೊದಲು ಬೇಕಾಗಿರುವುದು ಒಂದು ಮಾತು: 'ಏನೇ ಆದರೂ ನನ್ನ ಹತ್ತಿರ ಬಂದು ಹೇಳು. ಹೇಳಿದ್ದಕ್ಕೆ ಬೈಯಲ್ಲ, ಫೋನ್ ಕಿತ್ತುಕೊಳ್ಳಲ್ಲ.' ಕೊಟ್ಟ ಮೇಲೆ ಆ ಮಾತು ಉಳಿಸಿಕೊಳ್ಳಿ. ಒಂದು ಸಲ ತಪ್ಪಿದರೂ ಎರಡನೇ ಸಲ ಅವನು ನಂಬುವುದು ಕಷ್ಟ.

ಗುಟ್ಟಾಗಿ ಕಣ್ಣಿಡುವ ಆ್ಯಪ್‌ಗಳ ಬಗ್ಗೆ ಕೇಳಿದಿರಿ. ಬೇಡ ಅನ್ನುತ್ತೇನೆ. ಮಗುವಿನ ಮೆಸೇಜ್, ಫೋಟೊ, ಇರುವ ಜಾಗ ಎಲ್ಲವೂ ಯಾವುದೋ ಕಂಪನಿಯ ಸರ್ವರ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ಸೋರಿದರೆ ಏನು ಗತಿ? ಸೋರಿದ್ದೂ ಉಂಟು. ಟೀನ್‌ಸೇಫ್ ಅನ್ನುವ ಆ್ಯಪ್ ಮಕ್ಕಳ ಫೋನ್ ಮೇಲೆ ಕಣ್ಣಿಡುವುದಕ್ಕೇ ಇದ್ದದ್ದು. 2018ರಲ್ಲಿ ಅದರ ಸರ್ವರ್ ಪಾಸ್‌ವರ್ಡ್ ಇಲ್ಲದೆ ತೆರೆದುಕೊಂಡಿತ್ತು. ಮಕ್ಕಳ ಆ್ಯಪಲ್ ಐಡಿ ಅಂದರೆ ಐಫೋನ್ ಖಾತೆಯ ಗುರುತು, ಅದರ ಪಾಸ್‌ವರ್ಡ್ ಯಾರು ಬೇಕಾದರೂ ಓದಬಹುದಾದ ಹಾಗೆ ಅದರಲ್ಲಿದ್ದವು. ಸಾಲದ್ದಕ್ಕೆ, ಆ ಆ್ಯಪ್ ನಡೆಯಬೇಕಾದರೆ ಮಗುವಿನ ಖಾತೆಗೆ ಪಾಸ್‌ವರ್ಡ್ ಜೊತೆಗೆ ಇರುವ ಎರಡನೇ ಹಂತದ ಬೀಗವನ್ನೇ ತೆಗೆಯಬೇಕಿತ್ತು. ಕಾಪಾಡುವುದಕ್ಕೆ ಹಾಕಿಕೊಂಡಿದ್ದೇ ಬಾಗಿಲು ತೆರೆದಿಟ್ಟಿತು.

ಬದಲಿಗೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದಾದ ಸೆಟ್ಟಿಂಗ್‌ಗಳು ಬೇಕಾದಷ್ಟಿವೆ. ಆಂಡ್ರಾಯ್ಡ್ ಫೋನ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್. ಹೊಸ ಆ್ಯಪ್ ಹಾಕಿಕೊಳ್ಳಲು ನಿಮ್ಮ ಒಪ್ಪಿಗೆ ಬೇಕು ಅಂತ ಮಾಡಬಹುದು, ರಾತ್ರಿ ಇಷ್ಟು ಹೊತ್ತಿಗೆ ಫೋನ್ ಬೀಗ ಬೀಳಬೇಕು ಅಂತ ಇಡಬಹುದು. ಅವನ ಮೆಸೇಜ್‌ಗಳನ್ನು ಅದು ನಿಮಗೆ ತೋರಿಸುವುದಿಲ್ಲ, ಅದು ಒಳ್ಳೆಯದೇ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ಸ್ಕ್ರೀನ್ ಟೈಮ್ ಇದೆ. ಅದರ ಜೊತೆ ಕಮ್ಯುನಿಕೇಶನ್ ಸೇಫ್ಟಿ ಅನ್ನುವ ಇನ್ನೊಂದು ಸೆಟ್ಟಿಂಗ್. ಮಗುವಿಗೆ ಬೆತ್ತಲೆ ಫೋಟೊ ಬಂದರೆ ಅಥವಾ ಮಗು ಅಂಥದ್ದನ್ನು ಕಳಿಸಲು ಹೊರಟರೆ ಅದು ಫೋಟೊವನ್ನು ಮಸುಕು ಮಾಡಿ ಎಚ್ಚರಿಸುತ್ತದೆ. ಇದು ಫೋನಿನೊಳಗೇ ನಡೆಯುತ್ತದೆ, ಫೋಟೊ ಆ್ಯಪಲ್‌ಗೆ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ 2024ರಲ್ಲಿ ಹದಿಹರೆಯದವರಿಗೆ ಬೇರೆ ತರಹದ ಖಾತೆ ತಂದಿತು. ಅದು ತಾನಾಗಿಯೇ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲಾಗುವುದಿಲ್ಲ. 16 ತುಂಬದವರು ಇದನ್ನು ಸಡಿಲ ಮಾಡಲು ಮನೆಯವರ ಒಪ್ಪಿಗೆ ಬೇಕು.

ಇಷ್ಟೆಲ್ಲ ಇದ್ದೂ ಒಂದೇ ಒಂದು ಸಂಖ್ಯೆ ಎಲ್ಲವನ್ನೂ ಕೆಡಿಸುತ್ತದೆ. ಅದು ಹುಟ್ಟಿದ ವರ್ಷ. ಅನೇಕ ಆ್ಯಪ್‌ಗಳು 13 ತುಂಬದವರಿಗೆ ಖಾತೆ ಕೊಡುವುದಿಲ್ಲ. ಮಕ್ಕಳು ಯಾವುದೋ ಹಳೆಯ ವರ್ಷ ಹಾಕಿ ಒಳಗೆ ಹೋಗುತ್ತಾರೆ. ಎಷ್ಟೋ ಸಲ ಮನೆಯವರೇ ಪಕ್ಕದಲ್ಲಿ ಕೂತು ಹಾಕಿಕೊಟ್ಟಿರುತ್ತಾರೆ. ಆಗ ಆ್ಯಪ್‌ನ ಕಣ್ಣಿಗೆ ನಿಮ್ಮ 12 ವರ್ಷದ ಮಗ 25 ವರ್ಷದ ಗಂಡಸು. ಮಕ್ಕಳಿಗಾಗಿ ಇಟ್ಟ ಯಾವ ಕಾವಲೂ ಅವನಿಗೆ ಸಿಗದೆ ಹೋಗಬಹುದು. ಅಂದ ಹಾಗೆ, ಈ 13 ಅನ್ನುವುದು ಮಕ್ಕಳ ತಜ್ಞರು ಕೂತು ಅಳೆದ ವಯಸ್ಸಲ್ಲ. 1998ರ ಅಮೆರಿಕದ ಕೊಪ್ಪಾ ಕಾನೂನು ಮನೆಯವರ ಒಪ್ಪಿಗೆ ಇಲ್ಲದೆ 13ರ ಕೆಳಗಿನ ಮಕ್ಕಳ ಮಾಹಿತಿ ತೆಗೆದುಕೊಳ್ಳಬಾರದು ಅಂದಿತು. ಕಂಪನಿಗಳು ಅದನ್ನೇ ಗಡಿ ಮಾಡಿಕೊಂಡವು. 13 ಆದ ಕೂಡಲೇ ಮಗು ಎಲ್ಲದಕ್ಕೂ ತಯಾರು ಅಂತ ಅದರ ಅರ್ಥ ಅಲ್ಲ.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ನೋಡಿದಾಗ ಕೆಟ್ಟದ್ದೇನೋ ಸಿಕ್ಕಿಬಿಟ್ಟರೆ?

ಗಂಡು ಮಕ್ಕಳ ತಂದೆ ತಾಯಿಗೆ ಒಂದು ವಿಷಯ ಒತ್ತಿ ಹೇಳಬೇಕು. ಅದೇ ವಯಸ್ಸಿನ ಹುಡುಗಿಯ ಹಾಗೆ ನಟಿಸಿ ಒಬ್ಬರು ಮಾತಿಗೆ ಬರುತ್ತಾರೆ. ಎಲ್ಲಿಂದಲೋ ಕದ್ದ ಬೆತ್ತಲೆ ಫೋಟೊ ಕಳಿಸಿ, ನಿನ್ನದೂ ಕಳಿಸು ಅನ್ನುತ್ತಾರೆ. ಹುಡುಗ ಕಳಿಸಿದ ಕೂಡಲೇ ಮಾತಿನ ವರಸೆಯೇ ಬದಲಾಗುತ್ತದೆ. ದುಡ್ಡು ಕೊಡು, ಇಲ್ಲದಿದ್ದರೆ ನಿನ್ನ ಗೆಳೆಯರಿಗೆಲ್ಲ ಕಳಿಸುತ್ತೇನೆ ಅನ್ನುತ್ತಾರೆ. ಇದಕ್ಕೆ ಸಿಕ್ಕಿಬೀಳುವವರಲ್ಲಿ 14ರಿಂದ 17 ವರ್ಷದ ಹುಡುಗರೇ ಜಾಸ್ತಿ ಅಂತ ಅಮೆರಿಕದ ಎಫ್‌ಬಿಐ ಎಚ್ಚರಿಸಿದೆ. ನಾಚಿಕೆಗೆ, ಹೆದರಿಕೆಗೆ ಜೀವ ಕಳೆದುಕೊಂಡ ಮಕ್ಕಳಿದ್ದಾರೆ. ಹಾಗಾಗಿ ಮಗ ಬಂದು ಹೇಳಿದರೆ ಆ ಹೊತ್ತಿಗೆ ನಿಮ್ಮ ಬಾಯಿಂದ ಬರಬೇಕಾದ್ದು 'ಯಾಕೆ ಕಳಿಸಿದೆ' ಅನ್ನುವ ಪ್ರಶ್ನೆ ಅಲ್ಲ. 'ಹೇಳಿದ್ದು ಒಳ್ಳೇದಾಯ್ತು, ನಾನಿದ್ದೀನಿ' ಅನ್ನಿ. ಅವನನ್ನು ಆ ರಾತ್ರಿ ಒಬ್ಬನನ್ನೇ ಬಿಡಬೇಡಿ.

ದುಡ್ಡು ಕೊಡಬೇಡಿ. ಕೊಟ್ಟರೆ ಇನ್ನಷ್ಟು ಕೇಳುತ್ತಾರೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಪೊಲೀಸರಿಗೆ ಬೇಕಾಗುವುದು ಅದೇ. ಬೆದರಿಕೆಯ ಮಾತು, ಆ ಖಾತೆಯ ಹೆಸರು, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆದರೆ ಮಗುವಿನ ಫೋಟೊವನ್ನು ಕಾಪಿ ಮಾಡುವುದು, ಸಲಹೆ ಕೇಳಲು ಯಾರಿಗಾದರೂ ಫಾರ್ವರ್ಡ್ ಮಾಡುವುದು ಬೇಡ. ಎಷ್ಟೋ ದೇಶಗಳಲ್ಲಿ ಅದೂ ಅಪರಾಧ. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.

ಫೋಟೊ ಹರಡದ ಹಾಗೆ ತಡೆಯಲು ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯದು. ಬೇರೆ ದೇಶದವರೂ ಬಳಸಬಹುದು, ಹೆಸರು ಹೇಳಬೇಕಾಗಿಲ್ಲ. 18 ತುಂಬುವ ಮೊದಲು ತೆಗೆದ ಫೋಟೊ, ವಿಡಿಯೊಗಳಿಗೆ ಇದು. ಫೋಟೊವನ್ನು ಯಾರಿಗೂ ಕಳಿಸಬೇಕಿಲ್ಲ. ಅದು ನಿಮ್ಮ ಫೋನಿನಲ್ಲೇ ಇರುತ್ತದೆ. ಬೆರಳ ಗುರುತಿನ ಹಾಗೆ ಆ ಫೋಟೊಗೆ ಮಾತ್ರ ಹೊಂದುವ ಒಂದು ಸಂಕೇತ ತಯಾರಾಗುತ್ತದೆ, ಹೋಗುವುದು ಅದಷ್ಟೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥವು ಆ ಸಂಕೇತ ಹಿಡಿದು ಫೋಟೊ ಹುಡುಕಿ ತೆಗೆಯುತ್ತವೆ. ಆದರೆ ಇಬ್ಬರನ್ನು ಬಿಟ್ಟು ಬೇರೆ ಯಾರೂ ಓದಲಾಗದ ಹಾಗೆ ಗೂಢಲಿಪಿಯಲ್ಲಿ ಹೋಗುವ ಮೆಸೇಜ್‌ಗಳೊಳಗೆ ಇದು ಕೆಲಸ ಮಾಡುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಕಾಯಿರಿ ಅನ್ನುವುದಿಲ್ಲ. ಮಗು ಸಾಯುವ ಮಾತಾಡುತ್ತಿದ್ದರೆ, ಗುರುತಿಲ್ಲದವರನ್ನು ಭೇಟಿಯಾಗಲು ಹೊರಟಿದೆ ಅನ್ನಿಸಿದರೆ, ಇದ್ದಕ್ಕಿದ್ದ ಹಾಗೆ ಊಟ ನಿದ್ದೆ ಬಿಟ್ಟು ಫೋನ್ ಸದ್ದಾದರೆ ಬೆಚ್ಚುತ್ತಿದ್ದರೆ, ಆಗ ಕೂಡಲೇ ನೋಡಿ. ನೋಡಿದ್ದನ್ನು ಅದೇ ದಿನ ಅವನಿಗೆ ಹೇಳಿ. ಯಾಕೆ ನೋಡಿದೆ ಅಂತಲೂ ಹೇಳಿ.

ನೀವು ಬರೆದದ್ದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. 12ರಲ್ಲಿ ಫೋನ್ ಬೋರಲು ಹಾಕುವುದು ಬರೀ ನಾಚಿಕೆಯೂ ಇರಬಹುದು. ಹಾಗಾಗಿ ಇವತ್ತು ರಾತ್ರಿ ಮುಟ್ಟಬೇಡಿ. ನಾಳೆ 'ನೀನು ಆಡುವ ಗೇಮ್ ನನಗೂ ಕಲಿಸು' ಅಂತ ಪಕ್ಕದಲ್ಲಿ ಕೂತುಕೊಳ್ಳಿ. ಯಾರ ಜೊತೆ ಆಡ್ತೀಯ, ಅವರನ್ನು ನೋಡಿದ್ದೀಯಾ ಅಂತ ಕೇಳಿ. ಇನ್ನು ಮೇಲೆ ವಾರಕ್ಕೊಮ್ಮೆ ಇಬ್ಬರೂ ಸೇರಿ ಫೋನ್ ನೋಡೋಣ, ರಾತ್ರಿ ಎಲ್ಲರ ಫೋನೂ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ ಅನ್ನಿ. ನಿಮ್ಮದನ್ನೂ ಹೊರಗಿಡಿ. ಮೊದಲ ವಾರ ಸೆಟ್ಟಿಂಗ್ಸ್ ತೆರೆದು, ಖಾತೆಗಳಲ್ಲಿ ಅವನು ಹುಟ್ಟಿದ ವರ್ಷ ಏನಿದೆ ಅನ್ನುವುದನ್ನು ಇಬ್ಬರೂ ಸೇರಿ ನೋಡಿ.