ಎಲೆಕ್ಷನ್ನೇ ಇಲ್ಲ ಮೇಡಂ, ಲೀಡರ್ ಆಗೋದು ಹೇಗೆ?

ಪ್ರಶ್ನೆ: ನಾನು ಮಂಡ್ಯದ ಕಡೆಯವಳು. ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಹುಡುಗಿಯರದ್ದೊಂದು ಗುಂಪು ಕಟ್ಟಬೇಕು, ಮುಂದೆ ನಿಂತು ಏನಾದರೂ ಮಾಡಬೇಕು ಅಂತ ಆಸೆ. ಆದರೆ ಕ್ಯಾಂಪಸ್ಸಿನಲ್ಲಿ ಸ್ಟೂಡೆಂಟ್ ಎಲೆಕ್ಷನ್ನೇ ಇಲ್ಲವಲ್ಲ, ಲೀಡರ್ ಆಗೋದು ಹೇಗೆ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಕೇಳುವವರ ಊರು ಬದಲಾಗುತ್ತದೆ. ಒಮ್ಮೆ ಮದ್ದೂರು, ಒಮ್ಮೆ ಕೆ.ಆರ್. ಪೇಟೆ, ಒಮ್ಮೆ ನಂಜನಗೂಡು. ಪ್ರಶ್ನೆ ಮಾತ್ರ ಅದೇ. ಚಿಕ್ಕ ಉತ್ತರ ಸಾಕು ಅಂದರೆ, ಹಾಸ್ಟೆಲ್ ಮೆಸ್ ಕಮಿಟಿಗೆ ಸೇರಿ, ಒಂದು ವರ್ಷ ಲೆಕ್ಕ ನೋಡಿ. ಉದ್ದದ್ದೇ ಬೇಕು ಅಂದರೆ ಕೂತ್ಕೊಳ್ಳಿ.

ಎಲೆಕ್ಷನ್ ಇಲ್ಲ, ನಿಜ. ಕರ್ನಾಟಕದಲ್ಲಿ 1989ರಲ್ಲಿ ನಿಂತಿದ್ದು, ಗಲಾಟೆ, ಹೊಡೆದಾಟದ ಕಾರಣಕ್ಕೆ. 2006ರಲ್ಲಿ ಲಿಂಗ್ಡೊ ಸಮಿತಿ ವಿದ್ಯಾರ್ಥಿ ಚುನಾವಣೆ ಹೇಗೆ ನಡೀಬೇಕು ಅಂತ ನಿಯಮ ಮಾಡಿಕೊಟ್ಟಿತು. ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ, ಹಾಜರಾತಿ ಶೇ. 75 ಇರಬೇಕು, ಹೀಗೆ. ಸುಪ್ರೀಂ ಕೋರ್ಟೂ ಒಪ್ಪಿತು. ನಮ್ಮಲ್ಲಿ ಬೀಗ ತೆಗೆಯಲಿಲ್ಲ. ಈಚೆಗೆ ಮತ್ತೆ ತರಬೇಕು ಅನ್ನೋ ಮಾತು ಎದ್ದಿದೆ. ಬಂದಾಗ ನೋಡೋಣ.

ಆದರೆ ಎಲೆಕ್ಷನ್ ಇದ್ದಾಗ ಹುಡುಗಿಯರು ಲೀಡರ್ ಆಗಿದ್ದರು ಅಂತ ನಿಮಗೆ ಹೇಳಿದವರು ಯಾರು? ಆ ಕಾಲದಲ್ಲೇ ಓದಿದವಳು ನಾನು. ನಮಗೆ ಅಂತ ಇದ್ದದ್ದು ಒಂದೇ ಹುದ್ದೆ, ಲೇಡಿ ರೆಪ್ರೆಸೆಂಟೇಟಿವ್. ನಾನು ಗೆದ್ದೆ. ಎದುರು ಯಾರೂ ನಿಂತಿರಲಿಲ್ಲ ಅನ್ನಿ. ಆ ವರ್ಷ ನಾನು ತೆಗೆದುಕೊಂಡ ಅತಿ ದೊಡ್ಡ ತೀರ್ಮಾನ, ಕಾಲೇಜ್ ಡೇ ದಿನ ಹುಡುಗಿಯರು ಯಾವ ಬಣ್ಣದ ಸೀರೆ ಉಡಬೇಕು ಅನ್ನೋದು. ನವಿಲು ನೀಲಿ. ಸಂಘದ ದುಡ್ಡು ಎಷ್ಟು ಬಂತು, ಎಲ್ಲಿ ಹೋಯ್ತು ಅಂತ ಒಂದೇ ಒಂದು ಸಲ ಕೇಳಿದೆ. "ನಿನಗ್ಯಾಕಮ್ಮ ಆ ತಲೆನೋವು?" ಅಂದ ಅಧ್ಯಕ್ಷ. ಬೋರ್ಡಿನ ಮೇಲೆ ನನ್ನ ಹೆಸರಿತ್ತು. ಬೀರುವಿನ ಕೀ ಅವನ ಜೇಬಿನಲ್ಲಿತ್ತು.

ಈಗಿನ ಫಂಕ್ಷನ್‌ಗಳನ್ನೇ ನೋಡಿ. ರಂಗೋಲಿ ಹುಡುಗಿಯರದ್ದು. ಪ್ರಾರ್ಥನೆ ಹುಡುಗಿಯರದ್ದು. ಹೂಗುಚ್ಛ ಇಟ್ಟ ತಟ್ಟೆ ಹಿಡಿದು ಸ್ಟೇಜಿನ ಪಕ್ಕ ಒಂದು ಗಂಟೆ ನಿಲ್ಲೋದೂ ಅವರೇ. ಶಾಮಿಯಾನದವನ ಹತ್ತಿರ ರೇಟು ಮಾತಾಡೋದು, ಬಿಲ್ಲಿಗೆ ಸಹಿ ಹಾಕೋದು ಯಾರು? ನಾಳೆ ಎಲೆಕ್ಷನ್ ಬಂದರೂ ಇದು ತಾನಾಗೇ ಬದಲಾಗಲ್ಲ ಕಣ್ರೀ. ಬೀರುವಿನ ಕೀ ಕೇಳೋದನ್ನ ಅಭ್ಯಾಸ ಮಾಡಿಕೊಂಡವರಿಗೆ ಮಾತ್ರ ಎಲೆಕ್ಷನ್ನಿಂದ ಉಪಯೋಗ.

ಇನ್ನೊಂದು. ಎಲೆಕ್ಷನ್ ಇಲ್ಲ, ಇಲ್ಲ ಅಂತೀರಲ್ಲ, ನಿಯಮವೇ ನಿಮಗೊಂದು ಎಲೆಕ್ಷನ್ ಕೊಟ್ಟಿದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2015ರ ನಿಯಮ ಓದಿ. ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿ ಪ್ರತಿ ಕಾಲೇಜು, ವಿಶ್ವವಿದ್ಯಾಲಯದಲ್ಲೂ ಇರಲೇಬೇಕು. ಅಧ್ಯಕ್ಷರು ಹಿರಿಯ ಅಧ್ಯಾಪಕಿ. ಸದಸ್ಯರಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಂತೆ ಹೆಂಗಸರು. ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರು ಅದರಲ್ಲಿ ಕೂರುವಂತಿಲ್ಲ. ವಿಷಯ ವಿದ್ಯಾರ್ಥಿಗಳದ್ದಾದರೆ ಮೂವರು ವಿದ್ಯಾರ್ಥಿಗಳು ಇರಬೇಕು: ಪದವಿ, ಸ್ನಾತಕೋತ್ತರ, ಸಂಶೋಧನೆ, ಒಂದೊಂದರಿಂದ ಒಬ್ಬರು. ಅವರನ್ನು ಚುನಾಯಿಸಬೇಕು ಅಂತ ಬರೆದೇ ಇದೆ. ಸ್ಟಾಫ್ ರೂಮಿನಲ್ಲಿ ಕಾಫಿ ಕುಡೀತಾ "ಆ ಫಸ್ಟ್ ರ್‍ಯಾಂಕ್ ಹುಡುಗಿ ಹೆಸರು ಹಾಕ್ಬಿಡಿ" ಅಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಹುಡುಗಿಗೆ ತಾನು ಸದಸ್ಯೆ ಅಂತ ಗೊತ್ತಾದದ್ದು ನೋಟಿಸ್ ಬೋರ್ಡ್ ನೋಡಿ. ನಿಮ್ಮಲ್ಲಿ ಆ ಮೂವರು ಯಾರು, ಯಾವಾಗ ಆರಿಸಿದ್ದು ಅಂತ ಒಂದು ಅರ್ಜಿ ಕೊಡಿ. ನಿಮ್ಮ ಗುಂಪಿನ ಮೊದಲ ಕೆಲಸ ಅದೇ ಆಗಲಿ.

ಮೆಸ್ ಕಮಿಟಿ ಅಂದದ್ದು ತಮಾಷೆಗಲ್ಲ. ಕೆಲವು ವರ್ಷ ಒಂದು ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದೆ. ಡಿವೈಡಿಂಗ್ ಸಿಸ್ಟಮ್ ನಿಮಗೆ ಗೊತ್ತೇ ಇದೆ. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದ ದಿನಗಳಿಗೆ ಹಂಚೋದು. ಯಾರೋ ಒಂದು ಮೂಟೆ ಬೇಳೆ ಬಾಯಿಗೆ ಹಾಕಿಕೊಂಡರೆ ಎಲ್ಲರ ತಲೆ ಮೇಲೂ ಬೀಳುತ್ತದೆ. ಪಾಂಡವಪುರ ಕಡೆಯ ಹುಡುಗಿಯೊಬ್ಬಳು ಕಮಿಟಿಗೆ ಬಂದಳು. ಮೀಟಿಂಗಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ದಿನಸಿ ಆಟೋ ಬರುವ ಬೆಳಗ್ಗೆ ಉಗ್ರಾಣದ ಬಾಗಿಲಿಗೆ ತಕ್ಕಡಿ ಇಟ್ಟುಕೊಂಡು ನಿಲ್ಲುತ್ತಿದ್ದಳು. ತೂಗಿದಳು, ಬರೆದಳು, ಆಟೋದವನ ಕೈಲಿ ಸಹಿ ಹಾಕಿಸಿಕೊಂಡಳು. ಜಗಳ ಇಲ್ಲ, ಘೋಷಣೆ ಇಲ್ಲ. ಬಿಲ್ಲಿನಲ್ಲಿ ನಾಲ್ಕು ಮೂಟೆ, ಪುಸ್ತಕದಲ್ಲಿ ಮೂರು. ವಾರ್ಡನ್ ಆದ ನಾನು ಅಷ್ಟು ದಿನ ಕಣ್ಮುಚ್ಚಿ ಸಹಿ ಹಾಕಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಇದೆಲ್ಲ ಎಲ್ಲಿ ಕಲಿತೆ ಅಂದೆ. "ನಮ್ಮಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೀತಾರೆ ಮೇಡಂ" ಅಂದಳು. ಹದಿನೈದಿಪ್ಪತ್ತು ಜನ, ವಾರವಾರ ಉಳಿತಾಯ, ಯಾರಿಗೆ ಸಾಲ, ಯಾರದ್ದು ಬಾಕಿ, ಎಲ್ಲಕ್ಕೂ ನಡಾವಳಿ. ಮಂಡ್ಯದ ಹಳ್ಳಿಗಳಲ್ಲಿ ನಿಮ್ಮ ಅಮ್ಮಂದಿರು ಇದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ. ನೀವು ಮೈಸೂರಿಗೆ ಬಂದು ಲೀಡರ್‌ಶಿಪ್ ವರ್ಕ್‌ಶಾಪ್ ಎಲ್ಲಿದೆ ಅಂತ ಹುಡುಕುತ್ತೀರಿ!

ಆ ಪುಸ್ತಕ ಬಂದ ಮೇಲೆ ಹುಡುಗಿಯರು ಎಲ್ಲದಕ್ಕೂ ಅವಳ ರೂಮಿಗೇ ಹೋಗತೊಡಗಿದರು. ಬಚ್ಚಲ ಚಿಲಕ ಮುರಿದಿದೆ, ರಾತ್ರಿ ಯಾರಿಗೋ ಜ್ವರ, ಸ್ಕಾಲರ್‌ಶಿಪ್ ಫಾರಂ ತುಂಬೋಕೆ ಬರಲ್ಲ. ನನ್ನ ರೂಮಿನ ಮುಂದೆ ಕ್ಯೂ ಕಮ್ಮಿ ಆಯ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೀಟಿಂಗ್ ಎಷ್ಟು ಗಂಟೆಗೆ? ಎಲ್ಲರೂ ಸಂಜೆ ಐದೂವರೆಗೆ ಇಡ್ತಾರೆ, ಆಮೇಲೆ ಹುಡುಗಿಯರಿಗೆ ಆಸಕ್ತಿಯೇ ಇಲ್ಲ ಅಂತಾರೆ. ಆಸಕ್ತಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ. ಮಂಡ್ಯ ಇಲ್ಲಿಂದ ಸುಮಾರು 45 ಕಿಲೋಮೀಟರ್, ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ಹೋಯ್ತು, ಕೊನೆ ಬಸ್ಸಿನ ಚಿಂತೆ ಹೋಗಿಲ್ಲ. ಹಾಸ್ಟೆಲ್ಲಿನವರಿಗೆ ಗೇಟು. ಹುಡುಗರ ಹಾಸ್ಟೆಲ್ಲಿಗೂ ಅದೇ ಟೈಮಿಗೆ ಬೀಗ ಬೀಳುತ್ತಾ ಅಂತ ಕೇಳಬೇಡಿ, ಆ ವಿಷಯ ಎತ್ತಿದರೆ ಇವತ್ತು ಮುಗಿಯಲ್ಲ.

ಮಧ್ಯಾಹ್ನ ಒಂದೂವರೆಗೆ ಇಡಿ. ಮರದ ಕೆಳಗೆ, ಡಬ್ಬಿ ಬಿಚ್ಚಿಕೊಂಡು. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಬಂದವರ ಹೆಸರು, ಊರು, ಅದರ ಮುಂದೆ ಕೊನೆ ಬಸ್ಸಿನ ಟೈಮು ಬರೆಸಿ.