ಸೊಂಟ ನೋವು: ಕುದುರೆಯದ್ದಾ, ಬೈಕಿನದ್ದಾ?

ಪ್ರಶ್ನೆ: ನನಗೆ 38 ವರ್ಷ. ಆನಂದಪುರದ ಹತ್ತಿರ ಊರು, ಶಿವಮೊಗ್ಗದಲ್ಲಿ ಕೆಲಸ. ದಿನಾ ಬೈಕಲ್ಲೇ ಹೋಗಿ ಬರ್ತೀನಿ. ಭಾನುವಾರ ಬಂತೆಂದರೆ ತೋಟದ ಕೆಲಸ, ಟಿಲ್ಲರ್ ಟ್ರೇಲರ್‌ನಲ್ಲಿ ಗೊಬ್ಬರ ಹೊಡೆಯೋದು. ಇತ್ತೀಚೆಗೆ ಮಗಳ ಜೊತೆ ನಾನೂ ಕುದುರೆ ಸವಾರಿ ಕಲಿಯೋಕೆ ಸೇರಿದೆ. ಈಗ ಸೊಂಟ ಹಿಡಿದುಕೊಂಡಿದೆ. ಕುದುರೆ ಕುಲುಕಾಟಕ್ಕೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದೇ ಡಿಸ್ಕ್, ಸವೆದುಹೋಗುತ್ತೆ, ಬಿಟ್ಟುಬಿಡು ಅಂತ ಮನೆಯವರು ಹೇಳ್ತಿದ್ದಾರೆ. ನಿಜವೇ?

ಉತ್ತರ: ಸೊಂಟ ನೋಯುತ್ತೆ ಅನ್ನೋದು ನಿಜ. ಡಿಸ್ಕ್ ಸವೆಯುತ್ತೆ ಅನ್ನೋದಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಜನ ಸುಮ್ನೆ ಹೆದರುತ್ತಾರೆ.

2009ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಇದೆ. 58 ನುರಿತ ಸವಾರರ ಬೆನ್ನಿನ ಎಂಆರ್‌ಐ ತೆಗೆದು, ಸವಾರಿ ಮಾಡದ 30 ಜನರ ಎಂಆರ್‌ಐ ಜೊತೆ ಇಟ್ಟು ನೋಡಿದರು. ಸವಾರರಲ್ಲಿ ನೂರಕ್ಕೆ 88 ಮಂದಿಗೆ ಸೊಂಟ ನೋವಿತ್ತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 33. ವ್ಯತ್ಯಾಸ ದೊಡ್ಡದೇ. ಆದರೆ ಸವಾರಿಯಿಂದಲೇ ಡಿಸ್ಕ್ ಹಾಳಾಗಿದೆ ಎನ್ನುವಂಥ ಸ್ಪಷ್ಟ ಗುರುತು ಎಂಆರ್‌ಐಯಲ್ಲಿ ಸಿಗಲಿಲ್ಲ. ಹಾಗಾಗಿ ನೋವು ಬಂದ ಕೂಡಲೇ ಡಿಸ್ಕ್ ಹೋಯ್ತು ಅಂತ ತೀರ್ಮಾನಿಸಬೇಡಿ. ಹೆಚ್ಚಿನ ಸಲ ಅದು ದಣಿದ ಸ್ನಾಯುಗಳ ನೋವು.

ಈಗ ಕುಲುಕಾಟದ ವಿಷಯಕ್ಕೆ ಬರೋಣ. ಕೂತಿರುವ ಮನುಷ್ಯನ ಬೆನ್ನುಮೂಳೆ ಎಲ್ಲ ಅಲುಗಾಟಕ್ಕೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಸೆಕೆಂಡಿಗೆ 4ರಿಂದ 6 ಸಲ ಮೇಲೆ ಕೆಳಗೆ ಆಗುವ ಕಂಪನಕ್ಕೆ ಅದು ತಾನೂ ಸೇರಿಕೊಂಡು ಜಾಸ್ತಿ ಅಲುಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುತ್ತಲ್ಲ, ಹಾಗೆ. ಟ್ರ್ಯಾಕ್ಟರ್, ಟಿಲ್ಲರ್, ಲಾರಿಗಳ ಸೀಟಿನಿಂದ ಬರುವ ಕಂಪನದಲ್ಲಿ ಈ ಪಾಲು ಸಾಕಷ್ಟಿರುತ್ತದೆ. ಅದನ್ನು ತಡೆಯಲು ಬೆನ್ನಿನ ಸ್ನಾಯುಗಳು ಗಂಟೆಗಟ್ಟಲೆ ಬಿಗಿದು ಸಡಿಲಿಸಿ ದುಡಿಯುತ್ತವೆ. ನಮಗೆ ಗೊತ್ತೇ ಆಗಲ್ಲ, ಸುಮ್ಮನೆ ಕೂತಿದ್ದೇವೆ ಅನ್ನಿಸುತ್ತದೆ.

ಕುದುರೆಯ ತಾಳ ಇದಕ್ಕಿಂತ ನಿಧಾನ. ಟ್ರಾಟ್ ಓಟದಲ್ಲಿ (ನಡಿಗೆಗಿಂತ ಜೋರಾದ ಕುಲುಕು ಓಟ) ಕಾಲುಗಳು ಓರೆಜೋಡಿಯಾಗಿ ನೆಲ ಮುಟ್ಟುತ್ತವೆ, ಒಂದು ಹೆಜ್ಜೆ ಸುತ್ತಿಗೆ ಎರಡು ಕುಲುಕು. ನಿಮಿಷಕ್ಕೆ ಸುಮಾರು 150, ಅಂದರೆ ಸೆಕೆಂಡಿಗೆ ಎರಡೂವರೆ. ನಿಧಾನ ನಿಜ, ಆದರೆ ಒಂದೊಂದು ಕುಲುಕೂ ದೊಡ್ಡದು. ಹೊಸಬರಿಗೆ ಭಯ ಇರುತ್ತದೆ. ತೊಡೆ ಬಿಗಿಹಿಡಿದು, ಸೊಂಟ ಸೆಟೆದು, ಉಸಿರು ಕಟ್ಟಿಕೊಂಡು ಕೂರುತ್ತಾರೆ. ಆಗ ಕುದುರೆ ಬೆನ್ನಿನ ಪ್ರತಿ ಏಟೂ ನೇರ ಸೊಂಟಕ್ಕೆ ಹೋಗುತ್ತದೆ. ನಡಿಗೆಯಲ್ಲಿ ಹೀಗಾಗಲ್ಲ. ಕುದುರೆ ನಡೆಯುವಾಗ ಸವಾರನ ಸೊಂಟ ಅಲುಗುವ ರೀತಿ, ನಾವು ನಡೆಯುವಾಗ ಅಲುಗುವ ರೀತಿಗೆ ತುಂಬಾ ಹತ್ತಿರ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ಸರಿಯಿಲ್ಲದಿರುವುದು) ಇರುವ ಮಕ್ಕಳಿಗೆ ಕುದುರೆ ನಡಿಗೆಯನ್ನೇ ಚಿಕಿತ್ಸೆಯಾಗಿ ಕೊಡುವುದು ಇದೇ ಕಾರಣಕ್ಕೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಕುದುರೆಯಲ್ಲ. ವಾರಕ್ಕೆ ಒಂದೋ ಎರಡೋ ಗಂಟೆ ಕುದುರೆ. ಬೈಕು ದಿನಾ. ಅದರ ಮೇಲೆ ಟಿಲ್ಲರ್. ಸೊಂಟ ಇದನ್ನೆಲ್ಲ ಬೇರೆ ಬೇರೆ ಖಾತೆಯಲ್ಲಿ ಬರೆದಿಡುವುದಿಲ್ಲ.

ಯುರೋಪಿನಲ್ಲಿ ಕಂಪನಕ್ಕೆ ಒಡ್ಡಿಕೊಂಡು ದುಡಿಯುವವರಿಗಾಗಿ 2002ರಲ್ಲಿ ಒಂದು ನಿಯಮ ಬಂತು. ದಿನದ ಎಂಟು ಗಂಟೆಗೆ ಲೆಕ್ಕ ಹಾಕಿದಾಗ ಇಡೀ ಮೈಗೆ ತಾಗುವ ಕಂಪನದ ಬಿರುಸು ಚದರ ಸೆಕೆಂಡಿಗೆ 0.5 ಮೀಟರ್ (ಬಿರುಸನ್ನು ಅಳೆಯುವ ಮಾನ ಅದು) ದಾಟಿದರೆ ಮಾಲೀಕರು ಅದನ್ನು ತಗ್ಗಿಸುವ ದಾರಿ ನೋಡಬೇಕು. 1.15 ದಾಟುವಂತೆಯೇ ಇಲ್ಲ. ಆ ಲೆಕ್ಕದಲ್ಲಿ ನಮಗೆ ಬೇಕಾದ ಮಾತೊಂದಿದೆ: ಕಂಪನದ ಬಿರುಸು ಎರಡು ಪಟ್ಟಾದರೆ, ಸಹಿಸಬಹುದಾದ ಸಮಯ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತದೆ. 0.5ಕ್ಕೆ ಎಂಟು ಗಂಟೆ ಆದರೆ, 1ಕ್ಕೆ ಎರಡೇ ಗಂಟೆ. ಗುಂಡಿಗೆ ಧಡ್ ಅಂತ ಇಳಿದಾಗಿನ ಏಟಿನ ಲೆಕ್ಕ ಇದಕ್ಕಿಂತ ಕಠಿಣ. ಮಳೆಗಾಲ ಮುಗಿದ ಮೇಲೆ ನಮ್ಮ ಒಳರಸ್ತೆಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಲೆನಾಡಿನಲ್ಲಿ ಸೊಂಟ ನೋವು ಅಂದರೆ ರಸ್ತೆಯ ಬಗ್ಗೆಯೂ ಮಾತಾಡಲೇಬೇಕು ಎಂದು ನಾನು ನಂಬಿದ್ದೇನೆ.

ಹಾಗಾಗಿ ಮೊದಲು ಬೈಕ್ ನೋಡಿ. ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ಇರಲಿ, ಜಾಸ್ತಿ ತುಂಬಿಸಿದರೆ ಪ್ರತಿ ಕಲ್ಲೂ ಸೊಂಟಕ್ಕೆ ಗೊತ್ತಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಬದಲಾಯಿಸಿ. ಗುಂಡಿ ಕಂಡಾಗ ವೇಗ ತಗ್ಗಿಸಿ, ಫುಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಸ್ವಲ್ಪ ಏಳಿ. ಏಟನ್ನು ಮೊಣಕಾಲು ತಗೊಳ್ಳಲಿ. ದಾರಿಯಲ್ಲಿ ಕುಂಸಿಯಲ್ಲೋ ಆಯನೂರಿನಲ್ಲೋ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಇನ್ನೊಂದು ಅಭ್ಯಾಸ ಇವತ್ತೇ ಬಿಡಬೇಕು. ಟಿಲ್ಲರ್‌ನಿಂದ ಇಳಿದವರೇ ಗೊಬ್ಬರದ ಬುಟ್ಟಿಗೋ ಅಡಿಕೆ ಮೂಟೆಗೋ ಕೈ ಹಾಕುತ್ತೇವೆ, ಅಲ್ವಾ? ಕಂಪನದಲ್ಲಿ ದಣಿದ ಸ್ನಾಯು ಆ ಹೊತ್ತಿಗೆ ಬೆನ್ನನ್ನು ಸರಿಯಾಗಿ ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ಹತ್ತು ನಿಮಿಷ ಓಡಾಡಿ, ನೀರು ಕುಡಿದು, ಆಮೇಲೆ ಎತ್ತಿ. ಕುದುರೆಯಿಂದ ಇಳಿದಾಗಲೂ ಅಷ್ಟೇ. ಜೀನು ಬಿಚ್ಚಿ ಹೊರುವ ಮೊದಲು ಸ್ವಲ್ಪ ನಡೆಯಿರಿ.

ಇನ್ನು ಸವಾರಿ. ನೋವು ಇಳಿಯುವವರೆಗೆ ಬಿಡುವು ಕೊಡಿ. ಹಾಗಂತ ಹಾಸಿಗೆ ಹಿಡಿಯಬೇಡಿ, ಓಡಾಡುತ್ತಾ ಇರಿ. ಮತ್ತೆ ಶುರು ಮಾಡಿದಾಗ ಕೆಲವು ವಾರ ನಡಿಗೆ ಮಾತ್ರ ಸಾಕು. ರಿಕಾಪಿನ (ಜೀನಿನಿಂದ ಪಟ್ಟಿಯಲ್ಲಿ ತೂಗುವ, ಕಾಲಿಡುವ ಬಳೆ) ಉದ್ದ ನೀವೇ ಅಳೆದುಕೊಳ್ಳಿ: ಪಟ್ಟಿ ಜೀನಿಗೆ ಸೇರುವ ಕಡೆ ಬೆರಳ ತುದಿ ಇಟ್ಟು ಪಟ್ಟಿಯನ್ನು ತೋಳಿನುದ್ದಕ್ಕೆ ಎಳೆದರೆ, ರಿಕಾಪು ಕಂಕುಳ ಹತ್ತಿರ ಬರಬೇಕು. ಇದು ಆರಂಭದ ಅಂದಾಜು, ಆಮೇಲೆ ಕಲಿಸುವವರು ಒಂದೆರಡು ತೂತು ಆಚೀಚೆ ಮಾಡುತ್ತಾರೆ. ತೀರಾ ಉದ್ದವಾದರೆ ಕಾಲು ರಿಕಾಪನ್ನು ಹುಡುಕುತ್ತಾ ಸೊಂಟ ಎಳೆದುಕೊಳ್ಳುತ್ತದೆ. ಟ್ರಾಟ್‌ಗೆ ಹೋದಾಗ ರೈಸಿಂಗ್ ಟ್ರಾಟ್ ಮೊದಲು ಕಲಿಯಿರಿ. ಒಂದು ಕುಲುಕಿಗೆ ಏಳುವುದು, ಇನ್ನೊಂದಕ್ಕೆ ಕೂರುವುದು. ಅರ್ಧ ಏಟು ಅಲ್ಲೇ ತಪ್ಪುತ್ತದೆ. ಕೂತೇ ಟ್ರಾಟ್ ಮಾಡುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ನನ್ನ ಈ ಯಾವ ಸಲಹೆಯನ್ನೂ ನೋಡುತ್ತಾ ಕೂರಬೇಡಿ. ಜೀನಿಗೆ ತಾಗುವ ಭಾಗ, ಅಂದರೆ ತೊಡೆಗಳ ಒಳಭಾಗ ಮತ್ತು ಗುದದ ಸುತ್ತ, ಜೋಮು ಹಿಡಿದರೆ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ. ಕಾಲಿನ ಶಕ್ತಿ ಕುಂದುತ್ತಿದ್ದರೆ. ಆಗ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ನರಗಳ ಗೊಂಚಲು ಒತ್ತಿಹೋಗಿರಬಹುದು, ತಡವಾದರೆ ಹೋದ ಶಕ್ತಿ, ಹಿಡಿತ ವಾಪಸ್ ಬರದೇ ಇರಬಹುದು. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಾ ಬರುವ ನೋವು ಇದ್ದರೂ ವೈದ್ಯರಿಗೆ ಬೇಗ ತೋರಿಸಿ.

ಮಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೋವಿಲ್ಲದಿದ್ದರೆ ಅವಳು ಆರಾಮಾಗಿ ಮುಂದುವರಿಸಲಿ. ಕುದುರೆ ಸವಾರಿಯಲ್ಲಿ ಕುಲುಕಾಟಕ್ಕಿಂತ ದೊಡ್ಡ ಅಪಾಯ ಬೀಳುವುದು. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಕೊಡಿಸಿ, ಗದ್ದದ ಪಟ್ಟಿ ಪ್ರತಿ ಸಲ ಹಾಕಿದ್ದಾಳಾ ಅಂತ ನೋಡಿ. ಬೈಕಿನ ಹೆಲ್ಮೆಟ್ ಅದಕ್ಕೆ ಬದಲಿ ಅಲ್ಲ.