ಲ್ಯಾಮಿನೇಷನ್ ಮಾಡಿಸಿದ ಜೆರಾಕ್ಸ್

“ಸರ್, ಈಗ ವೇವ್ ಮಾಡಿ ಕಳಿಸಿದೀನಿ, ನೋಡಿ.”

ಫೋನಿನಲ್ಲಿ ಈ ಮಾತು ಬಂದರೆ ನನ್ನ ಎದೆ ಧಸಕ್ ಅನ್ನುತ್ತದೆ. ‘ವೇವ್ ಕಳಿಸಿದೀನಿ’ ಅಂದರೆ ಸರಿ. ‘ವೇವ್ ಮಾಡಿ ಕಳಿಸಿದೀನಿ’ ಅಂದರೆ ಕತೆ ಮುಗಿಯಿತು. ವೇವ್ ಅಂದರೆ ಸದ್ದಿನಲ್ಲಿ ಏನನ್ನೂ ಬಿಸಾಡದೆ ಇದ್ದ ಹಾಗೇ ಇಡುವ ಆಡಿಯೋ ಫೈಲ್.

ನಾನು ಬೆಂಗಳೂರಿನಲ್ಲಿ ಮಾಸ್ಟರಿಂಗ್ ಮಾಡುವವನು. ಮಿಕ್ಸ್, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿದ ಹಾಡು ಸ್ಪಾಟಿಫೈಗೋ ಆ್ಯಪಲ್ ಮ್ಯೂಸಿಕ್‌ಗೋ ಹೋಗುವ ಮೊದಲು ಅದರ ಮೇಲೆ ಕೊನೆಯದಾಗಿ ಕೈಯಾಡಿಸುವ ಕೆಲಸ. ಈಗಂತೂ ಇದನ್ನು ಆನ್‌ಲೈನಿನಲ್ಲೇ ಮಾಡಿಕೊಡುವ ಸೇವೆಗಳಿವೆ. ಮಾಂಟ್ರಿಯಲ್‌ನ ಲ್ಯಾಂಡರ್ 2014ರಲ್ಲೇ ಶುರುವಾಯಿತು. ಬ್ಯಾಂಡ್‌ಲ್ಯಾಬ್‌ನಲ್ಲೂ ಇದೆ. ಹಾಡು ಹಾಕಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಮಾಸ್ಟರ್ ಸಿದ್ಧ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಡೆಮೊಗೆ ನಾನೂ ಬಳಸಿದ್ದೇನೆ.

ಯಂತ್ರಕ್ಕೆ ಕೊಟ್ಟರೂ ನನಗೆ ಕೊಟ್ಟರೂ ಹಾಡಿಗೆ ಬೇಕಾದ ಅರ್ಹತೆ ಹೆಚ್ಚುಕಡಿಮೆ ಒಂದೇ. ವೇವ್ ಅಥವಾ ಏನೂ ಕಳೆಯದೆ ಮಡಚಿಟ್ಟ ಫ್ಲಾಕ್ ಫೈಲ್, 24 ಬಿಟ್ (ಸದ್ದಿನ ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ), ರೆಕಾರ್ಡ್ ಮಾಡಿದಾಗ ಇದ್ದ ಸ್ಯಾಂಪಲ್ ರೇಟೇ (ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಅನ್ನುವುದು), ಎಲ್ಲ ಸದ್ದೂ ಸೇರಿ ಹೊರಬರುವ ಮಾಸ್ಟರ್ ಚಾನೆಲ್ಲಿನಲ್ಲಿ ಸದ್ದಿನ ತಲೆ ಅದುಮುವ ಲಿಮಿಟರ್ ಬೇಡ, ಸದ್ದು ಮೇಲಿನ ಮಿತಿಯಾದ ಸೊನ್ನೆ ಡೆಸಿಬೆಲ್‌ಗೆ ತಗಲಬಾರದು. ತಗಲಿದ್ದರೂ, ಮಿತಿ ದಾಟಿದ್ದನ್ನೂ ಹಿಡಿದಿಡುವ 32 ಬಿಟ್ ಫ್ಲೋಟ್‌ನಲ್ಲಿ ಕೊಟ್ಟರೆ ಎಷ್ಟೋ ಸಲ ಇಳಿಸಿಕೊಳ್ಳಬಹುದು. ಇದನ್ನೆಲ್ಲ ಮಿಕ್ಸ್ ಮಾಡುವ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ತೊಂದರೆ ಬರುವುದು ‘ವೇವ್’ ಅನ್ನುವ ಒಂದು ಪದದಲ್ಲಿ.

ಆಗುವುದು ಹೀಗೆ. ಸ್ಟುಡಿಯೋದವರು “ಕೇಳಿ ನೋಡಿ” ಅಂತ ವಾಟ್ಸಾಪಿನಲ್ಲಿ ಒಂದು ಎಂಪಿ3 ಕಳಿಸಿರುತ್ತಾರೆ. ಹಾಡಿದವರು ಅದೇ ತಮ್ಮ ಹಾಡು ಅಂದುಕೊಳ್ಳುತ್ತಾರೆ. ಆರು ತಿಂಗಳ ಮೇಲೆ ಬಿಡುಗಡೆಯ ಯೋಚನೆ ಬರುತ್ತದೆ. ನಾನು ವೇವ್ ಕೇಳುತ್ತೇನೆ. ಅವರು ಯಾವುದೋ ಕನ್ವರ್ಟರ್‌ಗೆ ಎಂಪಿ3 ಹಾಕಿ ವೇವ್ ಮಾಡುತ್ತಾರೆ. ನಾಲ್ಕು ನಿಮಿಷದ ಹಾಡು 128 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಎಂಪಿ3ಯಲ್ಲಿ 4 ಎಂಬಿಗಿಂತ ಕಡಿಮೆ. 44.1 ಕಿಲೋಹರ್ಟ್ಸ್, 24 ಬಿಟ್ ವೇವ್ ಆದರೆ 63 ಎಂಬಿ ದಾಟುತ್ತದೆ. ಫೈಲ್ ಹೀಗೆ ಊದಿದ್ದು ನೋಡಿ ಅವರಿಗೆ ಖುಷಿ. ಅಪ್‌ಲೋಡ್ ಕೂಡ ಹಸಿರು ಟಿಕ್ ತೋರಿಸುತ್ತದೆ. ಗೇಟಿನ ವಾಚ್‌ಮನ್ ಕೊರಳಲ್ಲಿ ಐಡಿ ಕಾರ್ಡ್ ಇದೆಯಾ ಅಂತ ನೋಡುತ್ತಾನೆ, ಅಷ್ಟೆ. ಕೆಲವು ಸೇವೆಗಳು ಎಂಪಿ3ಯನ್ನೇ ಒಳಗೆ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡ ಮಾತ್ರಕ್ಕೆ ಅದು ಒಳ್ಳೆಯ ಫೈಲ್ ಆಗಲಿಲ್ಲ.

ಎಂಪಿ3 ಮಾಡುವಾಗ ‘ಇದು ಕಿವಿಗೆ ಗೊತ್ತಾಗಲಿಕ್ಕಿಲ್ಲ’ ಅಂತ ಲೆಕ್ಕ ಹಾಕಿ ಸದ್ದಿನ ಒಂದು ಭಾಗವನ್ನು ಬಿಸಾಡುತ್ತಾರೆ. ಬಿಸಾಡಿದ್ದು ಹೋಯಿತು. ಮತ್ತೆ ವೇವ್ ಮಾಡಿದರೆ ಡಬ್ಬಿ ದೊಡ್ಡದಾಗುತ್ತದೆ, ಒಳಗಿರುವ ಅಕ್ಕಿ ಅಷ್ಟೇ. ನಾನು ಎಲ್ಲರಿಗೂ ಹೇಳುವುದು ಇಷ್ಟು: ಮಾರ್ಕ್ಸ್ ಕಾರ್ಡಿನ ಜೆರಾಕ್ಸ್‌ಗೆ ಲ್ಯಾಮಿನೇಷನ್ ಮಾಡಿಸಿದರೆ ಅದು ಒರಿಜಿನಲ್ ಆಗುತ್ತಾ? 16 ಬಿಟ್ ಫೈಲನ್ನು 24 ಬಿಟ್ ಮಾಡಿ ಕಳಿಸುವುದೂ ಇದೇ ಜಾತಿ. ಹೆಚ್ಚಿಗೆ ಬಂದ 8 ಬಿಟ್‌ಗಳಲ್ಲಿ ಬರೀ ಸೊನ್ನೆ.

“ಕೇಳೋಕೆ ಚೆನ್ನಾಗೇ ಇದೆಯಲ್ಲ ಸರ್?” ಇದು ಮುಂದಿನ ಪ್ರಶ್ನೆ. ಇದೆ. 320 ಕೆಬಿಪಿಎಸ್‌ನ ಎಂಪಿ3ಯನ್ನು ಫೋನಿನಲ್ಲಿ ಕೇಳಿಸಿ ವ್ಯತ್ಯಾಸ ಹೇಳು ಅಂದರೆ ನಾನೂ ತಪ್ಪಬಹುದು. ಆದರೆ ಮಾಸ್ಟರಿಂಗ್‌ನಲ್ಲಿ ನಾವು ಸುಮ್ನೆ ಕೇಳಿ ಬಿಡುವುದಿಲ್ಲ. ಮೆಲ್ಲಗಿರುವುದನ್ನು ಮೇಲೆತ್ತುತ್ತೇವೆ, ತುದಿಯ ಹೊಳಪು ಹೆಚ್ಚಿಸುತ್ತೇವೆ. ಆಗ ಅಡಗಿದ್ದ ತೂತುಗಳು ಎದ್ದು ಕಾಣುತ್ತವೆ. ಭಜನೆಯ ತಾಳ ಟಿಣ್ ಅನ್ನುವ ಬದಲು ನೀರಿನೊಳಗಿಂದ ಬಂದ ಹಾಗೆ ಉಸ್ ಉಸ್ ಅನ್ನುತ್ತದೆ. ಗೆಜ್ಜೆ ಮರಳು ಜರಡಿ ಹಿಡಿದ ಹಾಗೆ. ತಬಲದ ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ಉಸಿರು. ನಮ್ಮ ಹಾಡುಗಳಲ್ಲಿ ತಾಳ, ಗೆಜ್ಜೆ, ತಂಬೂರಿ ಜಾಸ್ತಿ. ಹಾಗಾಗಿ ಪೆಟ್ಟೂ ನಮಗೇ ಜಾಸ್ತಿ.

ಅಲ್ಲಿಗೂ ನಿಲ್ಲುವುದಿಲ್ಲ. ನಾವು ಕೊಟ್ಟ ಫೈಲನ್ನು ವೇದಿಕೆಗಳು ತಮ್ಮ ರೀತಿಯಲ್ಲಿ ಇನ್ನೊಮ್ಮೆ ಹಿಂಡುತ್ತವೆ. ಆ್ಯಪಲ್ 256 ಕೆಬಿಪಿಎಸ್ ಎಎಸಿ ಮಾಡುತ್ತದೆ, ಸ್ಪಾಟಿಫೈ ಆಗ್ ವಾರ್ಬಿಸ್ ಮಾಡುತ್ತದೆ. ಎರಡೂ ಎಂಪಿ3ಯ ಹಾಗೇ ಸದ್ದು ಬಿಸಾಡುವ ಜಾತಿಯವು. ಒಂದು ಸಲ ಹಿಂಡಿದ ನಿಂಬೆಹಣ್ಣು ಅಂತ ಅವಕ್ಕೇನು ಗೊತ್ತು?

ಆ್ಯಪಲ್‌ನವರಾದರೂ ಇದನ್ನು ಬಿಡಿಸಿ ಹೇಳಿದ್ದಾರೆ. ‘ಮಾಸ್ಟರ್ಡ್ ಫಾರ್ ಐಟ್ಯೂನ್ಸ್’ ಅಂತ 2012ರಲ್ಲಿ ಶುರುವಾಗಿ 2019ರಲ್ಲಿ ‘ಆ್ಯಪಲ್ ಡಿಜಿಟಲ್ ಮಾಸ್ಟರ್ಸ್’ ಆದ ಯೋಜನೆ ಅದು. ಮೂಲವೇ 24 ಬಿಟ್ ಇರಬೇಕು, 16ರಿಂದ ಏರಿಸಿದ್ದು ನಡೆಯುವುದಿಲ್ಲ. ಮಾಸ್ಟರ್ ಮಾಡುವವರಿಗೂ ಅವರ ಮಾನ್ಯತೆ ಬೇಕು. ನನ್ನ ಪುಟ್ಟ ಸ್ಟುಡಿಯೋಗೆ ಆ ಮಾನ್ಯತೆ ಇಲ್ಲ. “ಆ ಬ್ಯಾಡ್ಜ್ ಹಾಕಿಸಿಕೊಡಿ ಸರ್” ಅಂತ ಕೇಳುವವರನ್ನು ಇರುವವರ ಹತ್ತಿರ ಕಳಿಸುತ್ತೇನೆ. ಕಳಿಸುವ ಮೊದಲು ಫೈಲ್ ನೋಡುತ್ತೇನೆ, ಮರ್ಯಾದೆ ಪ್ರಶ್ನೆ.

ನೋಡುವುದು ಹೇಗೆ? ಸದ್ದಿನ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆಗೆದರೆ 128ರ ಎಂಪಿ3ಯಿಂದ ಬಂದ ಫೈಲಿನಲ್ಲಿ ಸುಮಾರು 16 ಕಿಲೋಹರ್ಟ್ಸ್‌ಗೆ ತಾರಸಿ ಹಾಕಿದ ಹಾಗೆ ಒಂದು ಗೆರೆ ಕಾಣುತ್ತದೆ, ಮೇಲೆಲ್ಲ ಕತ್ತಲೆ. ಆದರೆ ಆ ಗೆರೆ ನೋಡಿದ ತಕ್ಷಣ ಯಾರನ್ನೂ ಕಳ್ಳ ಅನ್ನಬೇಡಿ. ಮಿಕ್ಸ್‌ನಲ್ಲಿ ಫಿಲ್ಟರ್ ಹಾಕಿರಬಹುದು, ಹಳೇ ಕ್ಯಾಸೆಟ್ಟಿನಿಂದ ಬಂದದ್ದಿರಬಹುದು, ಕೀಬೋರ್ಡಿನ ಸ್ಯಾಂಪಲ್ಲೇ ಹಾಗಿರಬಹುದು. ನಾನು ಒಮ್ಮೆ ದುಡುಕಿ ಬೈಸಿಕೊಂಡಿದ್ದೇನೆ.

  

ಹೋದ ವರ್ಷ ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಎಂಟು ವಚನ ಹಾಡಿ ಕಳಿಸಿದ್ದರು. ತೆರೆದರೆ ಅದೇ ತಾರಸಿ. ಫೋನ್ ಮಾಡಿದೆ. “ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ವೇವ್ ಮಾಡಿಸಿದ್ದೀನಪ್ಪಾ, ರಸೀದಿ ಇದೆ” ಅಂದರು. ಏನು ಹೇಳಲಿ? ರೆಕಾರ್ಡ್ ಮಾಡಿದ ಸ್ಟುಡಿಯೋದವರು ಜಾಗ ಸಾಲದೆ ಹಾರ್ಡ್ ಡಿಸ್ಕ್ ಅಳಿಸಿದ್ದರು. ಅವರದೂ ತಪ್ಪು ಅನ್ನಲಾರೆ, ಮಿಕ್ಸ್ ತೆಗೆದುಕೊಂಡು ಹೋಗಿ ಅಂತ ಎರಡು ಸಲ ಹೇಳಿದ್ದರಂತೆ. ಮೇಷ್ಟ್ರಿಗೆ ಅದು ಅರ್ಥವಾಗಿರಲಿಲ್ಲ, ಹಾಡು ಫೋನಿನಲ್ಲೇ ಇತ್ತಲ್ಲ. ಪೂರ್ತಿ ದುಡ್ಡು ಕೊಟ್ಟ ದಿನವೇ ಪೆನ್‌ಡ್ರೈವ್ ಹಿಡಿದು ಕೂತು 24 ಬಿಟ್ ಮಿಕ್ಸ್ ತುಂಬಿಸಿಕೊಳ್ಳಿ ಅಂತ ನಾನು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ. ವಾಟ್ಸಾಪಿನಲ್ಲೇ ತರಿಸಿಕೊಳ್ಳುವುದಾದರೆ ಆಡಿಯೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

ಕೊನೆಗೆ ಕೀಬೋರ್ಡ್ ನುಡಿಸಿದ ಹುಡುಗನ ಲ್ಯಾಪ್‌ಟಾಪಿನಲ್ಲಿ ಐದು ಹಾಡಿನ ಅಸಲಿ ಮಿಕ್ಸ್ ಸಿಕ್ಕಿತು. ಉಳಿದ ಮೂರು ಎಂಪಿ3ಯಿಂದಲೇ. ಅವಕ್ಕೆ ಹೊಳಪು ಗಿಳಪು ಏನೂ ಹಚ್ಚದೆ, ಮಟ್ಟ ಮಾತ್ರ ಸರಿಮಾಡಿ ಬಿಟ್ಟೆ. ಯಾವ ಮೂರು ಅಂತ ಮೇಷ್ಟ್ರಿಗೆ ಹೇಳಲಿಲ್ಲ.

ಬಿಡುಗಡೆಯಾದ ಮಾರನೇ ದಿನ ಫೋನ್ ಬಂತು. “ಆರನೆಯದು ಎಂಪಿ3 ಅಲ್ವಾ? ಕೇಳಿದ ಕೂಡಲೇ ಗೊತ್ತಾಯಿತು, ದನಿ ಮಂಕು.”

ಆರನೆಯದು ಅಪ್ಪಟ 24 ಬಿಟ್. ಅದನ್ನು ಹಾಡಿದ ದಿನ ಮೇಷ್ಟ್ರಿಗೆ ನೆಗಡಿ.